ಕೂತು ಉತ್ತರ ಹೇಳಿದ ಬೊಮ್ಮಣ

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ಪದ್ಮಲೆಯ ಮೂರು ಒಗಟು ಬಿಡಿಸಿದವನಿಗೆ ಮಂತ್ರಿ ಪದವಿ! ತಪ್ಪಿದವನಿಗೆ ಸೆರೆ, ಹುಣ್ಣಿಮೆಗೆ ಶೂಲ!"

ಡಂಗುರ ಕೇಳಿದಾಗ ಬೊಮ್ಮಣ ವಿದ್ಯಾಪೀಠದ ಅಡಿಗೆಮನೆಯ ಹಿಂದೆ ಅಡಗಿ ಕೂತಿದ್ದ. ಆ ಪೀಠದಲ್ಲೊಂದು ಪದ್ಧತಿ. ಓದು ಮುಗಿಸಿದವನು ತುಂಬಿದ ಸಭೆಯಲ್ಲಿ ನಿಂತು, "ನಾನು ಇಂಥ ಕೆಲಸಕ್ಕೆ ತಕ್ಕವನು" ಎಂದು ಸಾರಿ ಹೇಳಬೇಕು. ಹೇಳಿದರೆ ಶಾಲು, ಶಾಲಿದ್ದರೆ ಉದ್ಯೋಗ. ಓದಿನಲ್ಲಿ ಎಲ್ಲರಿಗಿಂತ ಮುಂದಿದ್ದ ಬೊಮ್ಮಣ ಅಲ್ಲಿ ನಿಂತದ್ದೇ ತಡ, ಕಾಲು ನಡುಗಿ ನಾಲಿಗೆ ಒಣಗಿತು. ಸಭೆ ಗೊಳ್ಳೆಂದು ನಕ್ಕಿತು. ಅಂದಿನಿಂದ ಅವನಿಗೆ ಊಟ ಸೇರದು, ನಿದ್ದೆ ಹತ್ತದು. ಶಾಲಿಲ್ಲದ ಬರಿ ಹೆಗಲಲ್ಲಿ ಹೋಗಿ ಅವ್ವನಿಗೆ ಮುಖ ತೋರಿಸುವುದಕ್ಕಿಂತ ಶೂಲವೇ ವಾಸಿ ಎಂದು ಅರಮನೆಗೆ ಹೊರಟ. ಹೇಡಿಯ ಧೈರ್ಯ ಎಂದರೆ ಇದೇ ನೋಡಿ!

ಅರಮನೆಯಲ್ಲಿ ಶಾಲು ಹೊದ್ದವರ ಸಾಲೇ ನಿಂತಿತ್ತು. ಪದ್ಮಲೆ ಕೇಳಿದಳು: "ಗುರು ಕಲಿಸಲಾರ, ಸಂತೆಯಲ್ಲಿ ಸಿಗದು, ಅದಿಲ್ಲದವನ ವಿದ್ಯೆ ಹೊಟ್ಟೆಯಲ್ಲೇ ಉಳಿಯುತ್ತದೆ. ಏನದು? ಇದ್ದಾಗ ಅದರ ನೆನಪೇ ಬಾರದು. ಹೋದರೆ ಮೃಷ್ಟಾನ್ನವೂ ಕಹಿ, ಮೆತ್ತನೆಯ ಹಾಸಿಗೆಯೂ ಮುಳ್ಳು. ಏನದು? ಬಚ್ಚಿಟ್ಟಷ್ಟೂ ಬೆಳೆಯುತ್ತದೆ, ಬಾಯಿಬಿಟ್ಟರೆ ಕರಗುತ್ತದೆ. ಏನದು?"

"ಅದೃಷ್ಟ, ಐಶ್ವರ್ಯ, ಪಾಪ!" ಎಂದ ಮೊದಲನೆಯವನು, ಮೀಸೆ ತಿರುವುತ್ತ. ಭಟರು ಎಳೆದೊಯ್ದರು. "ಬುದ್ಧಿ, ಯೌವನ, ಹೊಟ್ಟೆಕಿಚ್ಚು" ಎಂದವನೂ ಸೆರೆ ಸೇರಿದ. ಉಳಿದವರ ಗತಿಯೂ ಅದೇ ಆಯಿತು.

ಕೊನೆಗೆ ಬೊಮ್ಮಣನ ಸರದಿ. ಅವನು ಪಕ್ಕದ ಕಂಬ ಹಿಡಿದುಕೊಂಡ.

"ತಾಯೀ, ನಿಲ್ಲೋಕಾಗ್ತಿಲ್ಲ. ಕೂತು ಹೇಳ್ಲಾ?"

ಆಸ್ಥಾನ ನಕ್ಕಿತು. ಪದ್ಮಲೆ ನಗಲಿಲ್ಲ. "ಕೂತ್ಕೊ" ಎಂದಳು.

"ಮೊದಲನೇದು, ತನ್ನ ಮೇಲೆ ತನಗಿರೋ ನಂಬಿಕೆ. ಅದಿಲ್ದೆ ಇಷ್ಟು ಓದಿಯೂ ನಂಗೆ ಉದ್ಯೋಗವಿಲ್ಲ. ಎರಡನೇದು, ನೆಮ್ಮದಿ. ಕಳಕೊಂಡ ಮೇಲೇ ಅದರ ಹೆಸರು ಗೊತ್ತಾಗಿದ್ದು."

"ಮೂರನೆಯದು?"

ಬೊಮ್ಮಣನ ಮುಖ ಕೆಂಪೇರಿತು. "ಇಷ್ಟು ಜನರ ಮುಂದೆ ಈಗ ಹೇಳ್ಕೊಂಡ್ನಲ್ಲ ತಾಯೀ, ಅದೇ. ನಾಚಿಕೆ."

ಪದ್ಮಲೆ ಪೀಠದಿಂದಿಳಿದು ಬಂದು ಅವನೆದುರು ನೆಲದ ಮೇಲೆ ಕೂತಳು. "ಮೂರೂ ಸರಿ. ಅಪ್ಪಾಜಿ ನನಗೆ ಪಟ್ಟ ಕಟ್ತೀನಿ ಅಂದಾಗಿನಿಂದ ನನಗೂ ಇದೇ ರೋಗ. ನನ್ನಿಂದಾಗುತ್ತಾ ಅಂತ ಯಾರನ್ನಾದ್ರೂ ಕೇಳೋಕೆ ನಾಚಿಕೆ. ಅದಕ್ಕೇ ಅದನ್ನು ಒಗಟು ಮಾಡಿ, ನನ್ನ ಅಳುಕು ಯಾರಿಗೂ ಕಾಣದಿರ್ಲಿ ಅಂತ ಪಕ್ಕದಲ್ಲಿ ಶೂಲ ನೆಡಿಸಿದೆ."

ಅಂದೇ ಬೊಮ್ಮಣನಿಗೆ ಮಂತ್ರಿಮುದ್ರೆ ದೊರೆಯಿತು. ಸೆರೆಯವರನ್ನು ಬಿಡಿಸಲು ಪದ್ಮಲೆ ಭಟರನ್ನು ಕಳಿಸಲಿಲ್ಲ. ತಾನೇ ಹೋಗಿ ಬಾಗಿಲು ತೆರೆದು, ಒಬ್ಬೊಬ್ಬರ ಮುಂದೆಯೂ ತಲೆತಗ್ಗಿಸಿ, "ತಪ್ಪಾಯ್ತು" ಎಂದಳು. ಹೊಸ ಮಂತ್ರಿ ಅವಳ ಪಕ್ಕದಲ್ಲೇ ನಿಂತಿದ್ದ.