ಟೀವಿ ಕೀಲಿಕೈ ಮೌನೇಶ

ದೇವರ ಮುಂದೆ ದೀಪ ಇಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಕೂತಿದ್ದೇನೆ. ನೀವೂ ಹತ್ತಿರ ಸರಿದು ಕೂಡ್ರಿ. ಇವತ್ತು ಒಬ್ಬ ಪೆದ್ದನ ಸಂಗತಿ ಹೇಳುತ್ತೇನೆ. ನಗು ಬಂದರೆ ನಗಿರಿ, ನಗುವೂ ಶಿವನದೇ. ಹೀಯಾಳಿಸಬೇಡಿರಿ, ಅಷ್ಟೇ. ಅವನನ್ನು ಮಾಡಿದ ಕೈಯೇ ನಮ್ಮನ್ನೂ ಮಾಡಿದ್ದು.

ಕರಿಗುಡದಾಳ ಅಂತ ಒಂದು ಊರು. ಊರಲ್ಲಿ ಸಾಬವ್ವ ಅಂತ ಒಬ್ಬ ತಾಯಿ. ತಾಯಿಗೆ ಮೌನೇಶ ಅಂತ ಒಬ್ಬನೇ ಮಗ. ಮೂವತ್ತು ವರ್ಷದ ಗಂಡಸು, ಎತ್ತಿನಂಥ ಮೈ, ಕರುವಿನಂಥ ಮನಸ್ಸು. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿದ್ದ. ಒಂದು ಕೂದಲೆಳೆ ಹೆಚ್ಚಿಲ್ಲ, ಒಂದು ಕೂದಲೆಳೆ ಕಡಿಮೆಯಿಲ್ಲ. ಅದೇ ಅವನ ಗುಣ, ಅದೇ ಅವನ ಗ್ರಹಚಾರ.

ಒಂದು ಸಲ ತಾಯಿ ಜೋಳ ಕೊಟ್ಟು, "ಗಿರಣಿಗಿ ಹೋಗಿ ಬೀಸಿಕೊಂಡು ಬಾ. ಅಲ್ಲಿ ಯಾರ ಜೋಡೀನೂ ಮಾತಾಡಬ್ಯಾಡ, ನಿನ್ನ ನೋಡಿ ನಗ್ತಾರ" ಅಂದಳು. ಹೋದ. ಗಿರಣಿಯವ, "ಇದು ಯಾರ ಜೋಳಪಾ?" ಅಂತ ಕೇಳಿದ. ಮೌನೇಶ ಬಾಯಿ ಬಿಡಲಿಲ್ಲ. "ನಿಂದೇನು?" ಬಿಡಲಿಲ್ಲ. ಹೊತ್ತು ಮುಳುಗಿತು, ಗಿರಣಿ ನಿಂತಿತು, ಜೋಳ ಜೋಳವಾಗಿಯೇ ಮನೆಗೆ ಬಂತು.

ಸಾಬವ್ವ ಹಣೆ ಹಣೆ ಬಡಿದುಕೊಂಡಳು. "ಶಿವಾ! ಇವನಿಗಿ ಎರಡು ಕಿವಿ ಕೊಟ್ಟಿ. ನಡುವ ಏನರ ಇಡೋದು ಮರತಿಯಲ್ಲೋ!"

ಆ ತಾಯಿ ದಿನಾ ದೀಪ ಹಚ್ಚುವಾಗ ಬೇಡುತ್ತಿದ್ದುದು ಒಂದೇ. "ಮಗನಿಗಿ ಬುದ್ಧಿ ಕೊಡು ಅನ್ನಂಗಿಲ್ಲಪ್ಪಾ, ಅದು ನಿನಗೂ ಭಾರಾದೀತು. ನಾ ಕಣ್ಣು ಮುಚ್ಚೋದ್ರೊಳಗ ಊರ ಮಂದಿ ಇವನ್ನ ಪೆದ್ದ ಅನ್ನದಂಗ, ಹೆಸರು ಹಿಡದು ಕರೀಲಿ. ಅಷ್ಟು ಮಾಡು."

ಶಿವನಿಗೆ ಕೇಳಿಸಿತು. ಆದರೆ ಅವನು ಕೊಡುವ ರೀತಿ ನಮಗೆ ತಿಳಿಯುವಂಥದ್ದಲ್ಲ. ಟೀವಿ ಕಳಿಸಿದ.

ಹೌದು, ಟೀವಿ. ಬೆಂಗಳೂರಿನವರೂ ಇನ್ನೂ ಮನೆಯಲ್ಲಿ ಟೀವಿ ಕಂಡಿರಲಿಲ್ಲ, ಆಗ ನಮ್ಮ ಬಿಸಿಲು ಸೀಮೆಯ ಕೆಲವು ಹಳ್ಳಿಗಳಿಗೆ ಬಂತು. ದೂರ ದೇಶದವರು ಆಕಾಶದ ಯಂತ್ರವೊಂದನ್ನು ಒಂದು ವರ್ಷದ ಮಟ್ಟಿಗೆ ಎರವಲು ಕೊಟ್ಟಿದ್ದರು. ಅದು ಮೇಲೆ ನಿಂತು ಚಿತ್ರ ಕಳಿಸುವುದು. ಕೆಳಗೆ ಶಾಲೆಯ ಮಾಳಿಗೆ ಮೇಲೆ, ಕೋಳಿ ಗೂಡಿಗೆ ಹಾಕುವಂಥ ತಂತಿ ಜಾಳಿಗೆಯ ದೊಡ್ಡ ಬೋಗುಣಿ ಅದನ್ನು ಹಿಡಿಯುವುದು. ಬೋಗುಣಿಯಿಂದ ತಂತಿ, ತಂತಿಯಿಂದ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಚಿತ್ರ. ಕಪ್ಪು ಬಿಳುಪಿನ ಚಿತ್ರ.

ಜೀಪಿನಲ್ಲಿ ಬಂದ ಇಂಜಿನಿಯರ್ ಸಾಹೇಬರು ಎಲ್ಲ ಹೂಡಿ ಆದ ಮೇಲೆ ಕೇಳಿದರು: "ಇದನ್ನ ಕಾಯೋದಕ್ಕೆ ಒಬ್ಬ ಮನುಷ್ಯ ಬೇಕಲ್ಲ?"

ಊರ ಗೌಡರು ಅಂದರು, "ನನ್ನ ಅಳಿಯ ಅದಾನ್ರೀ. ಭಾಳ ಶ್ಯಾಣ್ಯಾ."

"ಜಾಣ ಬೇಡ ಗೌಡರೆ! ಹೋದ ಊರಲ್ಲಿ ಜಾಣನ್ನೇ ಇಟ್ಟಿದ್ದೆ. ಒಳಗೇನಿದೆ ನೋಡ್ತೀನಿ ಅಂತ ಮೂರನೇ ದಿನಕ್ಕೆ ಬಿಚ್ಚಿ ಹಾಕಿದ. ಸ್ವಂತ ಬುದ್ಧಿ ಓಡಿಸದವನು ಬೇಕು. ಹೇಳಿದ್ದನ್ನ ಹೇಳಿದ ಹಾಗೆ ಮಾಡೋನು ಬೇಕು."

ಊರಿಗೆ ಊರೇ ತಿರುಗಿ ಮೌನೇಶನನ್ನು ನೋಡಿತು.

ಸಾಹೇಬರು ಶಾಲೆ ಕೋಣೆಯ ಕೀಲಿಕೈಯನ್ನು ದಾರಕ್ಕೆ ಕಟ್ಟಿ ಅವನ ಕೊರಳಿಗೆ ಹಾಕಿದರು. ಗುಂಡಿ ತಿರುವುವುದು ತೋರಿಸಿದರು. "ನೋಡಪ್ಪ, ಈ ಕೀಲಿಕೈ ಯಾರ ಕೈಗೂ ಕೊಡಬಾರದು. ಗೌಡರು ಕೇಳಲಿ, ತಹಸೀಲ್ದಾರರು ಕೇಳಲಿ, ನಾನೇ ಬಂದು ಕೇಳಲಿ, ಕೊಡಬಾರದು. ಸಂಜೆ ಊರವರೆಲ್ಲ ಬಂದು ಕೂತ ಮೇಲೆ ಟೀವಿ ಚಾಲೂ ಮಾಡು. ತಿಳೀತಾ?"

"ತಿಳೀತ್ರೀ."

ಸಾಬವ್ವ ದೂರ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗನ ಕೊರಳಲ್ಲಿ ಸರ್ಕಾರದ ಕೀಲಿಕೈ!

ಸಂಜೆ ಆಯಿತು. ಗಂಡಸರು ಬಂದರು, ಹೆಂಗಸರು ಬಂದರು, ಕೂಸುಗಳು ಬಂದವು. ಆರು ಹೊಡೆಯಿತು. ಮೌನೇಶ ಬಾಗಿಲಲ್ಲಿ ನಿಂತು ಒಂದೊಂದೇ ಮುಖ ನೋಡುತ್ತಿದ್ದಾನೆ.

"ಚಾಲೂ ಮಾಡಲೇ!"

"ಎಲ್ಲಾರೂ ಬಂದಿಲ್ಲ. ಲಕುಮಜ್ಜ ಎಲ್ಲಿ?"

"ಲಕುಮಜ್ಜ ಎದ್ದು ಕೂಡದ ಎರಡು ವರ್ಷಾತು!"

ಮೌನೇಶ ಓಡಿದ. ಲಕುಮಜ್ಜನನ್ನು ಹೊರಸಿನ ಸಮೇತ ಹೊತ್ತು ತಂದ. ಇಳಿಸಿ ಮತ್ತೆ ನೋಡಿದ. "ದ್ಯಾವಕ್ಕ ಎಲ್ಲಿ?"

"ಬಾಣಂತಿ ಅದಾಳಲೇ, ಆರು ದಿನಾತು!"

ಮತ್ತೆ ಓಡಿದ. ಬಾಣಂತಿಯ ತಾಯಿ ಒನಕೆ ಹಿಡಿದು ಬಾಗಿಲಿಗೆ ನಿಂತಳು. ಮೌನೇಶ ಹೊಸ್ತಿಲಲ್ಲಿ ಕೂತು ಕಾದ. ಅಷ್ಟರಲ್ಲಿ ಟೀವಿಯ ಹೊತ್ತೇ ತೀರಿಹೋಯಿತು. ಊರು ಮೊದಲ ದಿನ ನೋಡಿದ್ದು ಲಕುಮಜ್ಜನ ಹೊರಸು.

ಸಾಬವ್ವ ಬೈದಳು. "ಅಯ್ಯೋ ನನ ಮಗನ! ಬಂದೋರು ಬರ್ಲಿ, ಬಿಟ್ಟೋರು ಬಿಡ್ಲಿ. ಆರು ಹೊಡೀತು ಅಂದ್ರ ಚಾಲೂ ಮಾಡಬೇಕು. ಮುಗೀತು ಅಂದ್ರ ಬಾಗಿಲಾ ಎಳದು ಕೀಲಿ ಹಾಕಿ ಮನಿಗಿ ಬರಬೇಕು. ಯಾರಿಗೂ ಕಾಯಬಾರದು!"

"ಆತುಬೇ. ಇನ್ನ ಹಂಗ ಮಾಡ್ತೀನಿ."

ಮಾರನೇ ದಿನ ಆರು ಹೊಡೆಯಿತು, ಟೀವಿ ಚಾಲೂ ಆಯಿತು. ಶಿವಶಿವಾ! ಗೋಡೆಯ ಹತ್ತಿರದ ಪೆಟ್ಟಿಗೆಯಲ್ಲಿ ಒಬ್ಬ ರೈತ ಹತ್ತಿಗೆ ಔಷಧಿ ಹೊಡೆಯುತ್ತಿದ್ದಾನೆ, ಒಬ್ಬ ಹೆಣ್ಣುಮಗಳು ಕುಣಿಯುತ್ತಿದ್ದಾಳೆ, ದಿಲ್ಲಿಯ ರಸ್ತೆಯಲ್ಲಿ ಕಾರು ಓಡುತ್ತಿದೆ. ಊರು ಉಸಿರು ಬಿಡಲಿಲ್ಲ. ಕೊನೆಗೆ ಪೆಟ್ಟಿಗೆಯೊಳಗಿನ ಹೆಣ್ಣುಮಗಳು ಕೈ ಮುಗಿದು ನಮಸ್ಕಾರ ಅಂದಳು. ಮುಗಿಯಿತು. ಮೌನೇಶ ಗುಂಡಿ ತಿರುವಿದ, ಹೊರಗೆ ಬಂದ, ಬಾಗಿಲು ಎಳೆದ, ಕೀಲಿ ಹಾಕಿದ, ಮನೆಗೆ ಬಂದ.

ತಾಯಿ ರೊಟ್ಟಿ ಬಡಿಸುತ್ತ ಕೇಳಿದಳು, "ಓಣ್ಯಾಗ ಒಬ್ಬರ ಸಪ್ಪಳಾನೂ ಇಲ್ಲ. ಮಂದಿ ಎಲ್ಲಿ ಹೋದ್ರೋ?"

"ಎಲ್ಲಿ ಹೋಗ್ತಾರಬೇ? ಸಾಲ್ಯಾಗ ಅದಾರ."

"ಟೀವಿ ಮುಗದಿಲ್ಲೇನು?"

"ಮುಗದದ. ಕೀಲಿ ಹಾಕೀನಿ."

ಸಾಬವ್ವ ಕೈಯಲ್ಲಿದ್ದ ರೊಟ್ಟಿ ಬಿಟ್ಟು, ಮಗನನ್ನು ಎಳೆದುಕೊಂಡು ಓಡಿ, ಕೀಲಿ ತೆಗೆಸಿದಳು. ಒಳಗಿದ್ದ ನೂರಾ ಹತ್ತು ಮಂದಿಗೆ ಬಾಗಿಲು ಬಡಿದು ಬಡಿದು ಕೈ ಬಾತಿತ್ತು. ಮೊದಲು ಹೊರಬಿದ್ದ ಗೌಡರು ರುಮಾಲು ಬಿಚ್ಚಿ ಗಾಳಿ ಹಾಕಿಕೊಂಡರು. ಅವರ ಹಿಂದೆ ಬಂದ ಚನ್ನವೀರ ಮಾಸ್ತರು ಮಾತಾಡಿದರು. "ಏ ಪೆದ್ದ! ಮೊದಲು ಒಳಗಿರೋದನ್ನೆಲ್ಲ ಹೊರಗ ಹಾಕಬೇಕು! ಒಳಗ ಏನೂ ಉಳದಿಲ್ಲ ಅಂತ ನೋಡಿ, ಆಮ್ಯಾಲ ಕೀಲಿ ಹಾಕಬೇಕು!"

"ಆತ್ರೀ ಮಾಸ್ತರ. ಇನ್ನ ಹಂಗ ಮಾಡ್ತೀನಿ."

ಹಾಗೇ ಮಾಡಿದ. ಮೂರನೇ ದಿನ ಮಂದಿಯನ್ನೆಲ್ಲ ಹೊರಗೆ ಕಳಿಸಿದ. ಆಮೇಲೆ ಮಾಸ್ತರ ಕುರ್ಚಿ ಹೊರಗಿಟ್ಟ. ಕರಿಹಲಗೆ ಹೊರಗಿಟ್ಟ. ಗೋಡೆಯ ನಕಾಶೆ, ನೀರಿನ ಕೊಡ, ಮೂಲೆಯ ಕಸಬರಿಗೆ. ಕೊನೆಗೆ ಟೀವಿಯನ್ನು ಎದೆಗವಚಿ ತಂದು ಅಂಗಳದಲ್ಲಿಟ್ಟ. ಒಳಗೆ ಏನೂ ಉಳಿದಿಲ್ಲ ಅಂತ ನೋಡಿ, ಖಾಲಿ ಕೋಣೆಗೆ ಭದ್ರವಾಗಿ ಕೀಲಿ ಹಾಕಿದ.

ಬೆಳಿಗ್ಗೆ ನೀರಿಗೆ ಹೊರಟ ಸಾಬವ್ವ ನೋಡುತ್ತಾಳೆ: ಸರ್ಕಾರದ ಟೀವಿ ಇಬ್ಬನಿಯಲ್ಲಿ ತೊಯ್ದಿದೆ, ಮೇಲೊಂದು ಮೇಕೆಮರಿ ನಿಂತಿದೆ.

"ಶಿವಾ! ಇವನಿಗಿ ಎರಡು ಕಿವಿ ಕೊಟ್ಟಿ..." ಅನ್ನುತ್ತ ಮೇಕೆ ಓಡಿಸಿ, ಸೆರಗಿನಿಂದ ಪೆಟ್ಟಿಗೆ ಒರೆಸಿದಳು. "ಮಗನ, ಇದು ಎಳಿ ಕೂಸಿದ್ದಂಗ! ಇದನ್ನ ಎಂದೂ ಹೊರಗ ಇಡಬಾರದು. ಇಬ್ಬನಿ ತಾಗಬಾರದು, ಧೂಳು ಕೂಡಬಾರದು. ಕೌದಿ ಹೊಚ್ಚಿ ಬೆಚ್ಚಗ ಇಡಬೇಕು!"

"ಆತುಬೇ. ಇನ್ನ ಹಂಗ ಮಾಡ್ತೀನಿ."

ನಾಲ್ಕನೇ ದಿನ ಸಾಹೇಬರು ಹೇಗೆ ನಡೆದಿದೆ ನೋಡೋಣ ಅಂತ ಬಂದರು. ಆರು ಹೊಡೆದಿತ್ತು. ಊರು ತುಂಬಿ ಕೂತಿತ್ತು. ಎದುರಿಗೆ ದಪ್ಪ ಕೌದಿ. ಕೌದಿಯೊಳಗಿಂದ ಒಬ್ಬಳು ಮಕ್ಕಳಿಗೆ ಚುಚ್ಚುಮದ್ದು ಹಾಕಿಸಿರಿ ಅನ್ನುತ್ತಿದ್ದಾಳೆ. ಕೌದಿ ಬಿಸಿಯಾಗಿ ಸಣ್ಣಗೆ ಸುಟ್ಟ ವಾಸನೆ. ಮೌನೇಶ ಪಕ್ಕದಲ್ಲಿ ಕೂತು ಕೌದಿಯ ಅಂಚು ಒತ್ತುತ್ತಿದ್ದಾನೆ.

"ಏನಯ್ಯಾ ಇದು!"

"ಎಳಿ ಕೂಸದ್ರೀ ಸಾಹೇಬ್ರ. ಬೆಚ್ಚಗ ಮಾಡೀನಿ."

ಸಾಹೇಬರು ಕೌದಿ ಕಿತ್ತೆಸೆದರು. ಸಿಟ್ಟಿನಲ್ಲಿ ಊರಿಗೆಲ್ಲ ಕೇಳುವ ಹಾಗೆ ಹೇಳಿದರು: "ಇನ್ನೊಂದೇ ಒಂದು ತಪ್ಪಾಗಲಿ! ಈ ಪೆಟ್ಟಿಗೆ ಪಕ್ಕದ ಊರು ಬಿಳಿಹಾಳಕ್ಕೆ ಹೋಗುತ್ತೆ, ಇವನ ಕೊರಳಿನ ಕೀಲಿಕೈಯೂ ಹೋಗುತ್ತೆ!"

ಸಾಬವ್ವ ಸಾಹೇಬರ ಕಾಲಿಗೆ ಬಿದ್ದಳು. "ಎಪ್ಪಾ, ನಾವು ಒಬ್ಬೊಬ್ಬರು ಒಂದೊಂದು ಹೇಳಿ ಕೆಡಿಸೀವಿ. ನೀವ ಒಂದು ಮಾತು ಹೇಳ್ರಿ. ಒಂದೇ ಮಾತು. ಅದನ್ನ ಬಿಟ್ಟು ಅವ ಬ್ಯಾರೆ ಮಾಡಂಗಿಲ್ಲ."

ಸಾಹೇಬರು ತಣ್ಣಗಾದರು. ಮೌನೇಶನನ್ನು ಮಾಳಿಗೆ ಹತ್ತಿಸಿದರು. "ನೋಡಪ್ಪ, ಚಿತ್ರ ಬರೋದು ಈ ಬೋಗುಣಿಯಿಂದ. ಆಕಾಶದ ಯಂತ್ರ ಎಲ್ಲಿರುತ್ತೋ ಅದರ ಕಡೆಗೇ ಇದರ ಮುಖ ಇರಬೇಕು. ಬೆಳಿಗ್ಗೆ ಶಾಲೆ ಗಂಟೆ ಹೊಡೆದ ತಕ್ಷಣ ಮಕ್ಕಳಿಗೆ, ಸಂಜೆ ಆರು ಹೊಡೆದ ತಕ್ಷಣ ಊರವರಿಗೆ ಟೀವಿ ಚಾಲೂ ಮಾಡು, ಮುಗಿದ ಮೇಲೆ ಮಂದಿನ ಹೊರಗೆ ಕಳಿಸಿ ಕೀಲಿ ಹಾಕು. ಮಿಕ್ಕ ಹೊತ್ತೆಲ್ಲ ಇದರ ಮುಖ ಕಾಯಿ. ಯಂತ್ರದ ಕಡೆಗೇ ಮುಖ. ತಿಳೀತಾ?"

"ತಿಳೀತ್ರೀ. ಯಂತ್ರದ ಕಡೀಗೇ ಮುಖ."

ಆವತ್ತಿನಿಂದ ಒಂದು ತಪ್ಪಿಲ್ಲ! ಹಗಲೆಲ್ಲ ಬೋಗುಣಿಯ ಪಕ್ಕ ಕೂತ. ಕಾಗೆ ಕೂತರೆ ಓಡಿಸಿದ. ಬಿರುಗಾಳಿ ಬಂದರೆ ಅಪ್ಪಿ ಹಿಡಿದ. ಬಿಸಿಲಿಗೆ ಬೆನ್ನು ಸುಲಿಯಿತು, ಬೋಗುಣಿಯ ಮುಖ ಕದಲಲಿಲ್ಲ. ಜಪ ಮಾಡುವವರನ್ನು ನಾನು ಬಹಳ ಕಂಡಿದ್ದೇನೆ, ನಡುನಡುವೆ ಅವರ ಕಣ್ಣು ಅಡುಗೆಮನೆ ಕಡೆ ಹೋಗುತ್ತದೆ. ಇವನ ಕಣ್ಣು ಎಲ್ಲೂ ಹೋಗಲಿಲ್ಲ.

ಸುತ್ತಿನ ಊರುಗಳಲ್ಲಿ ಟೀವಿ ಕೆಟ್ಟವು, ಕರಿಗುಡದಾಳದ್ದು ಕೆಡಲಿಲ್ಲ. ಬೆಳಿಗ್ಗೆ ಮಕ್ಕಳು ಪಾಠ ನೋಡಿದರು, ಸಂಜೆ ದೊಡ್ಡವರು ಲೋಕ ನೋಡಿದರು. ಲಕುಮಜ್ಜ ಹೊರಸಿನ ಮೇಲೆ ಮಲಗಿಯೇ ಸಮುದ್ರ ನೋಡಿ, "ಇಷ್ಟು ನೀರು ಶಿವ ಎಲ್ಲಿ ಮುಚ್ಚಿಟ್ಟಿದ್ದನೋ!" ಅಂದ. ಮಂದಿ ಮೆಲ್ಲಗೆ ಪೆದ್ದ ಅನ್ನುವುದು ಬಿಟ್ಟರು. "ಮೌನೇಶಪ್ಪಾ, ಇವತ್ತು ಏನದ?" ಅನ್ನತೊಡಗಿದರು. ಸಾಬವ್ವ ದೀಪ ಹಚ್ಚುವಾಗ ಬೇಡುವುದಕ್ಕೆ ಏನೂ ಉಳಿಯಲಿಲ್ಲ.

ವರ್ಷ ತುಂಬಿತು.

ಶ್ರಾವಣದ ಹೊತ್ತಿಗೆ ಒಂದು ಸಂಜೆ ಪೆಟ್ಟಿಗೆಯ ಹೆಣ್ಣುಮಗಳು ಕೈ ಮುಗಿದು, ಇದೇ ಕೊನೆ ಅಂದಳು. ಮಾರನೇ ದಿನ ಆರು ಹೊಡೆದಾಗ ಟೀವಿಯಲ್ಲಿ ಚಿತ್ರವಿಲ್ಲ. ಹಂಚಿನಲ್ಲಿ ಅಳ್ಳು ಹುರಿದ ಹಾಗೆ ಚಟಪಟ ಚಟಪಟ.

ಮೌನೇಶನ ಮುಖ ಬಾಡಿತು. "ಮಾಸ್ತರ, ನನ್ನ ತಪ್ಪೇನ್ರೀ?"

ಮಾಸ್ತರು ಸಮಾಧಾನ ಹೇಳಿದರು. "ನಿನ್ನ ತಪ್ಪಲ್ಲಪಾ ಮೌನೇಶಪ್ಪ. ಆಕಾಶದ ಯಂತ್ರ ಎರವಲು ತಂದದ್ದು. ಕೊಟ್ಟೋರು ವಾಪಸ್ ತಗೊಂಡ್ರು. ಅದು ಜಾಗ ಬಿಟ್ಟು ಪಡುವಣದ ಕಡೆ ಹೊಂಟದ."

"ಪಡುವಣಕ್ಕೇನ್ರೀ?"

"ಹೂಂ. ಪಡುವಣಕ್ಕ."

ಬೆಳಗಾಯಿತು. ಸಾಹೇಬರು ಪೆಟ್ಟಿಗೆ, ಬೋಗುಣಿ ಎರಡನ್ನೂ ವಾಪಸು ಒಯ್ಯಲು ಬಂದರು. ನೋಡುತ್ತಾರೆ, ಶಾಲೆ ಕೋಣೆಗೆ ಕೀಲಿ, ಮಾಳಿಗೆ ಖಾಲಿ. ಬೋಗುಣಿ ಇಲ್ಲ, ಸಾಬವ್ವನ ಅಂಗಳದಲ್ಲಿ ಬಂಡಿ ಇಲ್ಲ, ಎತ್ತು ಇಲ್ಲ, ಮೌನೇಶ ಇಲ್ಲ.

ಸಾಬವ್ವ ಆಕಾಶದ ಕಡೆ ಕೈ ಎತ್ತಿದಳು. ವರ್ಷವಿಡೀ ಕಾಯ್ದ ಹೆಸರು ಕೊನೆಯ ದಿನ ಕಳ್ಳ ಅಂತಾಗಿ ಹೋಗುವುದೇ? ಸಾಹೇಬರು, ಮಾಸ್ತರು, ಸಾಬವ್ವ ಜೀಪು ಹತ್ತಿದರು. ದಾರಿ ಕೇಳುವ ಕಷ್ಟವೇನೂ ಆಗಲಿಲ್ಲ. ಅಂಥ ಬೋಗುಣಿ ಹೊತ್ತ ಬಂಡಿಯನ್ನು ನೋಡದವರು ಯಾರು? "ಪಡುವಣಕ್ಕ ಹೋತ್ರೀ" ಅಂತ ಊರೂರಲ್ಲಿ ಕೈ ತೋರಿಸಿದರು. ನಡುವೆ ಹಳ್ಳ ತುಂಬಿ ಜೀಪು ಮಧ್ಯಾಹ್ನವೆಲ್ಲ ನಿಂತಿತು. ಅಂತೂ ಸಂಜೆ ಒಂದು ಬೋಳು ದಿನ್ನೆಯ ಮೇಲೆ ಬಂಡಿ ಸಿಕ್ಕಿತು.

ದಿನ್ನೆಯ ಮೇಲೆ ಪಡುವಣಕ್ಕೆ ಮುಖ ಮಾಡಿ ಬೋಗುಣಿ ನಿಂತಿದೆ. ಎದುರಿಗೆ ಇಬ್ಬರು ಕುರಿಗಾರರು ಕಂಬಳಿ ಹಾಸಿ ಕೂತಿದ್ದಾರೆ. ಸುತ್ತ ಕುರಿ. ಬೋಗುಣಿಯ ಪಕ್ಕ ಮೌನೇಶ.

ಸಾಬವ್ವ ಏದುಸಿರು ಬಿಡುತ್ತ ಹತ್ತಿದಳು. "ಎಲ್ಲಿಗಿ ಹೊಂಟೀಯೋ ನನ ಮಗನ?"

"ಯಂತ್ರದ ಕಡೀಗೇ ಮುಖ ಇರಬೇಕು ಅಂದಾರಬೇ. ಅದು ಸರದಂಗ ಸರೀಲಿಕ್ಕೆ ಹತ್ತೀನಿ."

"ಪೆಟ್ಟಿಗಿ ಇಲ್ಲದ ಏನು ತೋರಿಸ್ತೀಯೋ?"

"ಪೆಟ್ಟಿಗಿ ಎಂದೂ ಹೊರಗ ಇಡಬ್ಯಾಡ ಅಂದಿ. ಒಳಗ ಬೆಚ್ಚಗ ಅದ ಬಿಡು. ಕೂಡಬೇ, ಚಾಲೂ ಆಗ್ಯದ! ಇವತ್ತು ಬಣ್ಣದಾಗ ಬಂದದ!"

ತಾಯಿ ತಿರುಗಿ ನೋಡಿದಳು. ಮೋಡ ಸರಿದು ಹೊತ್ತು ಮುಳುಗುತ್ತಿತ್ತು. ಜಾಳಿಗೆಯ ಕಣ್ಣುಕಣ್ಣಿನಲ್ಲಿ ಕೆಂಪು, ಅರಿಶಿನ, ದಾಸವಾಳದ ಬಣ್ಣ. ಕಪ್ಪು ಬಿಳುಪಿನಲ್ಲಿ ವರ್ಷ ಕಳೆದ ಆ ಕಣ್ಣುಗಳಿಗೆ ಶಿವ ಒಂದೇ ಸಲಕ್ಕೆ ಅಷ್ಟೂ ಬಣ್ಣ ಹೊರಗೆ ತೆಗೆದಿಟ್ಟಿದ್ದ. ಸಾಬವ್ವ ಬೈಯಲು ತೆರೆದ ಬಾಯಿ ಹಾಗೇ ಇಟ್ಟುಕೊಂಡು ಕೂತಳು. ಮಾಸ್ತರು ಕೂತರು.

ಸಾಹೇಬರು ಮಾತ್ರ ಕೈ ಚಾಚಿದರು. "ಕೀಲಿಕೈ ಕೊಡಪ್ಪ."

"ಕೊಡಂಗಿಲ್ರೀ."

"ನಾನು ಕಣಯ್ಯಾ!"

"ಅದಕ್ಕ ಕೊಡಂಗಿಲ್ಲ. ನಾನೇ ಬಂದು ಕೇಳಲಿ, ಕೊಡಬ್ಯಾಡ ಅಂದೀರಿ."

ಸಾಹೇಬರು ಚಾಚಿದ ಕೈಯನ್ನು ಮೆಲ್ಲಗೆ ಹಿಂದೆ ತೆಗೆದುಕೊಂಡರು. "ಆಯ್ತು ಮೌನೇಶಪ್ಪ, ನಿನ್ನ ಹತ್ತಿರವೇ ಇರಲಿ. ಶಾಲೆ ಬಾಗಿಲಿನ ಕೊಂಡಿ ಕಿತ್ತು ಪೆಟ್ಟಿಗೆ ತಗೋತೀನಿ" ಅಂದು ಅವರೂ ಕಂಬಳಿಯ ಅಂಚಿಗೆ ಕೂತರು.

ಸಾಬವ್ವನ ಕಿವಿಗೆ ಆ ಹೆಸರು ಬಿತ್ತು. ಅವಳು ಸೆರಗು ಸರಿಮಾಡಿಕೊಂಡಳು.

ಹೊತ್ತು ಮುಳುಗಿತು. ಬಣ್ಣ ಆರಿತು. ಮೌನೇಶ ಆಕಾಶಕ್ಕೆ ಕೈ ಮುಗಿದು, ಎದ್ದು ನಿಂತ.

"ಮುಗೀತು. ಏಳ್ರಿ, ಏಳ್ರಿ! ಎಲ್ಲಾರೂ ಹೊರಗ ನಡೀರಿ!"

ಕುರಿಗಾರರನ್ನು ಎಬ್ಬಿಸಿದ, ಕುರಿ ಹೊಡೆದ, ಮಾಸ್ತರನ್ನು ಕಳಿಸಿದ, ಸಾಹೇಬರನ್ನು ಕಳಿಸಿದ, ತಾಯಿಯ ಕೈ ಹಿಡಿದು ದಿನ್ನೆ ಇಳಿಸಿದ. ಮತ್ತೆ ಮೇಲೆ ಹತ್ತಿ ಯಾರೂ ಉಳಿದಿಲ್ಲ ಅಂತ ನೋಡಿದ. ಕೊರಳಿನ ಕೀಲಿಕೈ ಬಿಚ್ಚಿ ಹಿಡಿದುಕೊಂಡು, ಮೂಡಣಕ್ಕೆ ಹೋದ, ಪಡುವಣಕ್ಕೆ ಹೋದ, ಬಯಲಿನ ಸುತ್ತ ಒಂದು ಸುತ್ತು ಬಂದ. ಕೊನೆಗೆ ಮೇಲಿನಿಂದ ಕೂಗಿದ:

"ಸಾಹೇಬ್ರ! ಕೀಲಿ ಹಾಕಬೇಕು, ಇದರ ಬಾಗಿಲಾ ಎಲ್ಲ್ಯದ್ರೀ?"