ಸಾಹುಕಾರರ ಮೀಸೆ

ವಠಾರದ ಮಾಲೀಕ ಹಾಲಸ್ವಾಮಿ ಸಾಹುಕಾರರು ಅರವತ್ತು ತುಂಬಿದ ಖುಷಿಗೆ ತಮ್ಮ ಫೋಟೋವನ್ನೇ ಐನೂರು ಚೂರಿನ ಜಿಗ್ಸಾ ಪಜಲ್ ಮಾಡಿಸಿದರು. ಆ ವಠಾರದಲ್ಲೊಬ್ಬ ನಿವೃತ್ತ ಗುಮಾಸ್ತನಿದ್ದ. ಮನೆಯಲ್ಲಿದ್ದ ಒಂದೇ ಪಜಲನ್ನು ನೂರು ಸಲ ಜೋಡಿಸಿ, ಈಗ ಚಿತ್ರ ಕೆಳಗೆ ಮಾಡಿ ಜೋಡಿಸುತ್ತಿದ್ದ.

"ಭಾನುವಾರದೊಳಗೆ ಮುಗಿಸು, ಗೋಡೆಗೆ ಹಾಕಿಸ್ಬೇಕು. ದಿನಾ ಸಂಜೆ ಬಂದು ನೋಡ್ತೀನಿ," ಎಂದು ಸಾಹುಕಾರರು ಡಬ್ಬಿ ಕೊಟ್ಟರು.

ಹೆಂಡತಿ ಹೋದ ಮೂರು ವರ್ಷದಲ್ಲಿ ಗುಮಾಸ್ತನ ಮನೆಯೊಳಗೆ ಯಾರೂ ಕಾಲಿಟ್ಟಿರಲಿಲ್ಲ. ಎರಡೇ ದಿನದಲ್ಲಿ ಮುಗಿಸಿದವನು, ಸಾಹುಕಾರರು ಬರುವ ಮುಂಚೆ ದಿನವೂ ಮೀಸೆಯನ್ನು ಬಿಡಿಸಿಡತೊಡಗಿದ.

"ಏನಯ್ಯಾ, ಇನ್ನೂ ಮೀಸೆ ಬಂದಿಲ್ಲ?"

"ಇಂಥ ಮೀಸೆ ಸುಲಭಕ್ಕೆ ಕೂರುತ್ತಾ ಸಾಹುಕಾರ್ರೇ? ಕನ್ನಡೀಲಿ ದಿನಾ ನೋಡೋರು ನೀವು, ಒಂಚೂರು ಕೈ ಹಾಕಿ. ಕಾಫಿ ಇಡ್ತೀನಿ."

ಸಾಹುಕಾರರು ಉಬ್ಬಿ ಕೂತರು. ಭಾನುವಾರ ಎರಡು ಕಳೆದವು. ಹದಿನಾರನೇ ಸಂಜೆ ಅವರು ಹಟ ಹಿಡಿದು ಕೊನೆಯ ಚೂರನ್ನೂ ಒತ್ತಿ ಕೂರಿಸಿ, "ಮುಗೀತು!" ಎಂದು ಎದ್ದರು.

ಗುಮಾಸ್ತ ಚಿತ್ರವನ್ನು ದಿಟ್ಟಿಸಿ ಹೇಳಿದ: "ಗೋಡೆ ಮೇಲೆ ಒಬ್ಬರೇ ಇದ್ರೆ ಬಿಕೋ ಅನ್ಸುತ್ತೆ. ಪಕ್ಕದಲ್ಲಿ ಅಮ್ಮಾವ್ರು ಇರಬೇಡ್ವಾ?"

ಮುಂದಿನ ವಾರ ಸಾವಿರ ಚೂರಿನ ಡಬ್ಬಿ ಬಂತು. ಹಿಡಿದು ಬಂದವರು ಗಂಡ ಹೆಂಡತಿ ಇಬ್ಬರೂ.

"ನನ್ನ ಮೂಗನ್ನ ಇವರ ಕೈಲಿ ಮಾತ್ರ ಕೂರಿಸ್ಬೇಡಿ," ಎನ್ನುತ್ತ ಅಮ್ಮಾವ್ರೇ ಮೊದಲು ಕುರ್ಚಿ ಎಳೆದುಕೊಂಡರು.