ತವರಿಗೆ ಒಂದು ಬೆರಳು

"ಅಜ್ಜಾರ, ಸುಳ್ಳು ಹೇಳುವಾಗ ನನ್ನ ನಾಲಿಗಿ ಎಂದೂ ನಡುಗಿದ್ದಿಲ್ಲ. ಖರೇ ಹೇಳಾಕ ಹತ್ತಿದ ಮ್ಯಾಲೆ ಯಾಕ ನಡುಗತೈತ್ರಿ? ನಾನು ದಾರಿ ತಪ್ಪೀನೇನ್ರಿ?"

ಹೀಗೆ ಕೇಳಿದವನು ಪಂಪಣ್ಣ. ಮದುವೆ ದಲ್ಲಾಳಿ. ಸಂಬಂಧ ಕುದುರಿಸುವುದರಲ್ಲಿ ಸುತ್ತಲ ಊರುಗಳಲ್ಲೆಲ್ಲ ಅವನದು ಎತ್ತಿದ ಕೈ. ಅವನ ಕಸುಬಿನಲ್ಲಿ ಸುಳ್ಳಿಗೆ ಸುಳ್ಳು ಎಂಬ ಹೆಸರಿಲ್ಲ. ಹುಡುಗ ಕುಡುಕನಾದರೆ 'ಗೆಳೆಯರ ಬಳಗ ದೊಡ್ಡದು' ಎನ್ನಬೇಕು. ಹುಡುಗಿ ಜಗಳಗಂಟಿಯಾದರೆ 'ಮಾತು ಸ್ಪಷ್ಟ' ಎನ್ನಬೇಕು. ಇಂಥದ್ದಕ್ಕೆಲ್ಲ ದಲ್ಲಾಳಿಗಳು 'ಅರಿಶಿನ ಹಚ್ಚುವುದು' ಎನ್ನುತ್ತಾರೆ. ಕಳೆದ ಶ್ರಾವಣದಲ್ಲಿ ಪಂಪಣ್ಣ ಮಠದ ಅಜ್ಜನವರ ಮುಂದೆ ಕುಳಿತು, ಇನ್ನು ಅರಿಶಿನ ಹಚ್ಚುವುದಿಲ್ಲ ಎಂದು ಮಾತು ಕೊಟ್ಟಿದ್ದ. ಅಂದಿನಿಂದ ಅವನಿಗೆ ನೆಮ್ಮದಿ ಇಲ್ಲ. ಯಾರಾದರೂ ಹುಡುಗನ ವಿಷಯ ಕೇಳಿದರೆ ಸಾಕು, ಮಾತು ತಡವರಿಸುತ್ತಿತ್ತು.

ಮರುದಿನ ಮುಂಜಾನೆ ಒಬ್ಬ ಶಾಲಾ ಮಾಸ್ತರರು ಅವನ ಮನೆಗೆ ಬರುವವರಿದ್ದರು. ಮಗಳಿಗೆ ನೋಡಿರುವ ಹುಡುಗ ಹೇಗೆ ಎಂದು ಕೇಳಲು ಬರುತ್ತಿದ್ದರು. ಪಂಪಣ್ಣನ ಮಾತನ್ನು ನಂಬಿ ಹೂಂ ಎನ್ನುವ ಮನುಷ್ಯ. ಹುಡುಗನ ಗೆಳೆಯರ ಬಳಗ ದೊಡ್ಡದು.

"ಇದೊಂದು ಸಲ ಹಳೇ ಹಾದಿ ಹಿಡೀತೀನ್ರಿ, ಅಜ್ಜಾರ. ಪಳಗಿದ ಕೆಲಸ. ಎದಿ ಹಗುರ ಆಗತೈತಿ."

ಅದಕ್ಕೆ ಅಜ್ಜನವರು ಒಂದು ಕತೆ ಹೇಳತೊಡಗಿದರು. ಪೂರ್ವಾಶ್ರಮದಲ್ಲಿ ಅವರು ಬ್ರಿಟಿಷರ ದಂಡಿನ ಕಾಲದ ಒಂದು ಕ್ಲಬ್ಬಿನಲ್ಲಿ ಚಹಾ ಹಂಚುತ್ತಿದ್ದರೆಂದು ಊರವರು ಪಿಸುಗುಟ್ಟುತ್ತಾರೆ. ಸ್ವಾಮಿಗಳ ಪೂರ್ವಾಶ್ರಮದ ಮಾತು ಎತ್ತಬಾರದು. ಆದರೆ ಈ ಕತೆ ಕೇಳಿದವರಿಗೆ ಎತ್ತದೆ ಇರುವುದು ಕಷ್ಟ.

ಒಂದು ಊರಿನಲ್ಲಿ ಒಂದು ಕ್ಲಬ್ಬಿತ್ತು. ಅಲ್ಲಿ ಸ್ನೂಕರ್ ಆಡುವ ಮೇಜಿತ್ತು. ಹಸಿರು ಬಟ್ಟೆ ಹೊದಿಸಿದ ಕಲ್ಲಿನ ಮೇಜು, ಅಂಚಿನಲ್ಲಿ ಆರು ಕುಳಿಗಳು. ಉದ್ದನೆಯ ಕೋಲಿನಿಂದ ಬಿಳಿ ಚೆಂಡನ್ನು ಹೊಡೆದು, ಅದರಿಂದ ಬಣ್ಣದ ಚೆಂಡುಗಳನ್ನು ಕುಳಿಗೆ ಕೆಡಹುವುದು ಆಟ.

ಆಟದ ಜೊತೆ ಬಂದ ಇಂಗ್ಲಿಷ್ ಮಾತುಗಳನ್ನು ಅಲ್ಲಿನವರು ಬಹಳ ದಿನ ಇಟ್ಟುಕೊಳ್ಳಲಿಲ್ಲ. ಗುರಿ ತಪ್ಪಿಯೂ ಚೆಂಡು ಕುಳಿಗೆ ಬಿದ್ದರೆ ಫ್ಲೂಕ್ ಎನ್ನುವ ಬದಲು 'ಪ್ರಸಾದ' ಎಂದರು. ಬಿಳಿ ಚೆಂಡೇ ಕುಳಿಗೆ ಬಿದ್ದರೆ 'ಯಜಮಾನ ಬಾವಿಗೆ ಬಿದ್ದ' ಎಂದರು. ಹೊಡೆಯಬೇಕಾದ ಚೆಂಡಿಗೆ ಇನ್ನೊಂದು ಚೆಂಡು ಅಡ್ಡ ಬಂದರೆ 'ಸೆರಗಿನ ಮರೆ' ಎಂದರು.

ಕಿಟಕಿಯ ಕಡೆಯ ಮೂಲೆಯ ಕುಳಿಗೆ ಅವರು ಇಟ್ಟ ಹೆಸರು 'ತವರು'. ಮೆಲ್ಲಗೆ ಹೊಡೆದ ಚೆಂಡು ಎಲ್ಲಿಗೆ ಹೊರಟರೂ ಕೊನೆಗೆ ಅತ್ತಲೇ ವಾಲುತ್ತಿತ್ತು. ಆ ಮೂಲೆಯಲ್ಲಿ ನೆಲದ ಕಲ್ಲು ಕುಸಿದು ಮೇಜಿನ ಕಾಲು ಇಳಿದಿತ್ತು, ಅಷ್ಟೆ. ಯಾರೂ ಬಗ್ಗಿ ನೋಡಲಿಲ್ಲ. ಚೆಂದದ ಹೆಸರು ಇಟ್ಟಾದ ಮೇಲೆ ಬಗ್ಗಿ ನೋಡುವುದೇನಿದೆ? ಹೊಸದಾಗಿ ಬಂದವರಿಗೆ ಮೊದಲ ಪಾಠವೇ 'ತವರಿಗೆ ಒಂದು ಬೆರಳು ಬಿಡು' ಎಂದು. ಗುರಿಯನ್ನು ಒಂದು ಬೆರಳಿನಷ್ಟು ಆಚೆಗೆ ಇಡು, ಉಳಿದದ್ದನ್ನು ಮೇಜು ನೋಡಿಕೊಳ್ಳುತ್ತದೆ ಎಂದು ಅದರ ಅರ್ಥ.

ಆ ಕ್ಲಬ್ಬಿನಲ್ಲಿ ಒಬ್ಬ ಮರದ ವ್ಯಾಪಾರಿ ಇದ್ದ. ಬೆರಳು ಬಿಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಪ್ರತಿ ವರ್ಷ ನೆರೆಯೂರಿನ ಕ್ಲಬ್ಬಿನವರು ಪಂದ್ಯ ಆಡಲು ಬರುತ್ತಿದ್ದರು, ಪ್ರತಿ ವರ್ಷ ಅವನ ಕೈಯಲ್ಲಿ ಸೋತು ಹೋಗುತ್ತಿದ್ದರು. ಊರಿನಲ್ಲಿ ಅವನಿಗಿದ್ದ ಮರ್ಯಾದೆಯೆಲ್ಲ ಆ ಒಂದು ಬೆರಳಿನದು.

ಒಂದು ವರ್ಷ ಪಂದ್ಯಕ್ಕೆ ಮುಂಚೆ ಕ್ಲಬ್ಬಿನ ನೆಲ ಸರಿ ಮಾಡಲು ಒಬ್ಬ ಮೇಸ್ತ್ರಿ ಬಂದ. ಮೇಜಿನ ಕಾಲು ಇಳಿದದ್ದನ್ನು ಕಂಡ. ಯಾರನ್ನೂ ಕೇಳದೆ ಅದರ ಕೆಳಗೆ ಸಾಗುವಾನಿಯ ಒಂದು ಬೆಣೆ ಹೊಡೆದ. ಮೇಜು ಮಟ್ಟವಾಯಿತು.

ಅಂದು ಸಂಜೆ ವ್ಯಾಪಾರಿ ಹೊಡೆದ ಚೆಂಡೊಂದೂ ಕುಳಿಗೆ ಬೀಳಲಿಲ್ಲ. ಎಲ್ಲವೂ ಒಂದು ಬೆರಳಿನಷ್ಟು ಆಚೆ ಹೋದವು. ಅವನು ಕೋಲು ಬದಲಿಸಿದ. ಕೋಲಿನ ತುದಿಗೆ ಹಚ್ಚುವ ಸೀಮೆಸುಣ್ಣ ಬದಲಿಸಿದ. ಕಣ್ಣಿನ ವೈದ್ಯರ ಹತ್ತಿರ ಹೋಗಿ ಬಂದ. ಕಣ್ಣು ಚೆನ್ನಾಗಿದೆ ಎಂದು ಕೇಳಿ ಇನ್ನಷ್ಟು ಹೆದರಿದ. ಊಟ ಸೇರಲಿಲ್ಲ. ಕಡೆಗೆ ಬೆಣೆಯ ಸುದ್ದಿ ಕಿವಿಗೆ ಬಿದ್ದು ಮೇಸ್ತ್ರಿಯನ್ನು ಹಿಡಿದು ನಿಲ್ಲಿಸಿದ.

"ಚಲೋ ಮೇಜು ಕೆಡಿಸಿ ಇಟ್ಟೆಲ್ಲೋ!"

ಮೇಸ್ತ್ರಿ ಗಾಜಿನ ನಳಿಗೆಯಲ್ಲಿ ಗುಳ್ಳೆ ಓಡಾಡುವ ರಸಮಟ್ಟ ತೆಗೆದು ಮೇಜಿನ ಮೇಲೆ ಇಟ್ಟ. "ಗುಳ್ಳಿ ನಡುವ ನಿಂತೈತಿ ನೋಡ್ರಿ, ಸಾವ್ಕಾರ್ರ."

"ನಿನ್ನ ಗುಳ್ಳೀನ ಸೊಟ್ಟ ಐತಿ," ಎಂದು ವ್ಯಾಪಾರಿ ಬೈದು ಕಳಿಸಿದ.

ಬೈದರೆ ಪಂದ್ಯ ಮುಂದೆ ಹೋಗುತ್ತದೆಯೇ? ಅವನು ದಿನವೂ ಬಂದು ಹೊಡೆದ. ಕುಳಿಗೆ ನೇರವಾಗಿ ಗುರಿ ಇಟ್ಟ. ಒಂದೊಂದು ಚೆಂಡು ಬೀಳತೊಡಗಿತು. ಆದರೆ ನೇರ ಗುರಿ ಇಟ್ಟಾಗಲೆಲ್ಲ ಏನೋ ತಪ್ಪು ಮಾಡುತ್ತಿದ್ದೇನೆಂದು ಅವನ ಕೈ ನಡುಗುತ್ತಿತ್ತು. ಚೆಂಡು ಬಿದ್ದರೂ ನಡುಕ ನಿಲ್ಲುತ್ತಿರಲಿಲ್ಲ. ಬಾಯಿ ಮಾತ್ರ ಅಭ್ಯಾಸಬಲದಿಂದ 'ತವರಿಗೆ ಒಂದು ಬೆರಳು' ಎಂದು ಗುಣುಗುತ್ತಲೇ ಇತ್ತು.

ಕತೆ ಇಲ್ಲಿಗೆ ಬರುವಷ್ಟರಲ್ಲಿ ಪಂಪಣ್ಣ ಹೆಗಲ ಮೇಲಿನ ಟವೆಲನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದ. ಆ ವ್ಯಾಪಾರಿಯ ಕೈ ಹೇಗೆ ನಡುಗಿತ್ತೆಂದು ಅವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಪಂದ್ಯದ ದಿನ ಬೆಳಗ್ಗೆ ವ್ಯಾಪಾರಿಯ ಧೈರ್ಯ ಕೈಕೊಟ್ಟಿತು. ಇದೊಂದು ಸಲ ಎಂದುಕೊಂಡ. ಯಾರೂ ಇಲ್ಲದಾಗ ಕ್ಲಬ್ಬಿಗೆ ಹೋಗಿ, ಬೆಣೆಯನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಮೇಜು ಮೊದಲಿನಂತೆ ತವರಿಗೆ ವಾಲಿತು. ಅವನ ಎದೆ ಹಗುರವಾಯಿತು.

ಪಂದ್ಯ ನಡೆಯಿತು. ನೆರೆಯೂರಿನವನು ಬಹಳ ಸಲ ತಪ್ಪಿದ, ತಪ್ಪಿದಾಗಲೆಲ್ಲ ತಲೆ ಕೆರೆದುಕೊಂಡು ನಕ್ಕ. ವ್ಯಾಪಾರಿಗೆ ನಗು ಬರಲಿಲ್ಲ. ಅವನೂ ತಪ್ಪುತ್ತಿದ್ದ. ಕಡೆಗೆ ಮೇಜಿನ ಮೇಲೆ ಕಪ್ಪು ಚೆಂಡೊಂದೇ ಉಳಿಯಿತು. ಅದನ್ನು ಬೀಳಿಸಿದವನದೇ ಗೆಲುವು. ಸರದಿ ವ್ಯಾಪಾರಿಯದು. ಚೆಂಡು ಇದ್ದದ್ದು ತವರಿನ ದಾರಿಯಲ್ಲಿ. ಹಿಂದಿನ ವರ್ಷವಾಗಿದ್ದರೆ ಅವನು ಅದನ್ನು ಕಣ್ಣು ಮುಚ್ಚಿ ಬೀಳಿಸುತ್ತಿದ್ದ.

ಅವನು ಬಗ್ಗಿ ಗುರಿ ಇಟ್ಟ. ಬಾಯಿ 'ಒಂದು ಬೆರಳು' ಎಂದಿತು. ಕೈ ಅಷ್ಟು ಬಿಡಲು ಒಪ್ಪಲಿಲ್ಲ. ಇಷ್ಟು ದಿನದ ಅಭ್ಯಾಸದಲ್ಲಿ ಅದು ಅರೆಬರೆ ನೇರವಾಗಿಬಿಟ್ಟಿತ್ತು. ಬಾಯಿಯ ಮಾತು ಕೇಳಲೋ ಕೈಯ ಮಾತು ಕೇಳಲೋ ತಿಳಿಯದೆ ಅವನು ಅರ್ಧ ಬೆರಳು ಬಿಟ್ಟು ಹೊಡೆದ. ಚೆಂಡು ಕುಳಿಯ ಅಂಚಿಗೆ ತಾಗಿ, ಬೀಳದೆ ಅಲ್ಲೇ ನಿಂತಿತು. ನೆರೆಯೂರಿನವನು ಬಂದು ಅದನ್ನು ಮೆಲ್ಲಗೆ ಒಳಗೆ ತಳ್ಳಿದ.

ಜನ ಹೋದ ಮೇಲೂ ವ್ಯಾಪಾರಿ ಮೇಜಿನ ಪಕ್ಕದಲ್ಲಿ ಕುಳಿತೇ ಇದ್ದ. ಮಟ್ಟದ ಮೇಜು ಅವನಿಗೆ ಇನ್ನೂ ಒಲಿದಿರಲಿಲ್ಲ, ವಾಲಿದ ಮೇಜು ಇನ್ನು ಒಲಿಯುವಂತಿರಲಿಲ್ಲ. ಜೇಬಿನಿಂದ ಬೆಣೆಯನ್ನು ಹೊರತೆಗೆದು ಅಂಗೈಯಲ್ಲಿ ಇಟ್ಟುಕೊಂಡು ನೋಡಿದ.

ಅಜ್ಜನವರು ಕತೆಯನ್ನು ಇಲ್ಲಿಗೇ ನಿಲ್ಲಿಸಿದರು. ಪಂಪಣ್ಣನಿಗೆ ತಡೆಯಲಾಗಲಿಲ್ಲ.

"ಆಮ್ಯಾಲೆ ಏನಾತ್ರಿ? ಬೆಣಿ ತಿರುಗಿ ಹಾಕಿದ್ನೋ, ಒಗೆದುಬಿಟ್ನೋ?"

ಅಜ್ಜನವರು ಅವನ ಕೈಯಲ್ಲಿದ್ದ ಟವೆಲನ್ನು ಬಿಡಿಸಿ, ಕೊಡವಿ, ಅವನ ಹೆಗಲ ಮೇಲೆ ಹಾಕಿದರು.

"ಅದು ನಾಳೆ ಮುಂಜಾನಿ ಮಾಸ್ತರು ಬಂದಾಗ ಗೊತ್ತಾಗತೈತಿ, ಪಂಪಣ್ಣ."